ಸೊಪ್ರಾನೊ ಆಗಬೇಕೆನ್ನುವ ಹುಡುಗಿಗೆ: ಮಂಗಳೂರಿನಿಂದಲೇ ಶುರು ಮಾಡುವುದು ಹೇಗೆ

ಪ್ರತಿ ವರ್ಷ ಕ್ರಿಸ್‌ಮಸ್ ರಾತ್ರಿಯ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಕೇಕು ಹಂಚುವ ಹೊತ್ತಿಗೆ ಯಾರಾದರೂ ಒಬ್ಬ ತಾಯಿ ನನ್ನ ಹತ್ತಿರ ಬರುತ್ತಾರೆ. "ಮಿಸ್, ಮಗಳ ಸ್ವರ ಭಾರೀ ಮೇಲೆ ಹೋಗ್ತದೆ. ಅವಳಿಗೆ ಒಪೆರಾ ಕಲಿಸ್ಲಿಕ್ಕೆ ಆಗ್ತದಾ?" ಪಕ್ಕದಲ್ಲಿ ಹದಿನೈದು, ಹದಿನಾರರ ಹುಡುಗಿ ತನ್ನ ಚಪ್ಪಲಿ ನೋಡುತ್ತಾ ನಿಂತಿರುತ್ತಾಳೆ. ನಾನು ಮಂಗಳೂರಿನ ಒಂದು ಇಗರ್ಜಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಯರ್‌ಗೆ ಕೀಬೋರ್ಡ್ ನುಡಿಸುತ್ತಿದ್ದೇನೆ. ಹಾಡುವ ಮಕ್ಕಳ ಪರೀಕ್ಷೆಗೆ, ಆಡಿಷನ್‌ಗೆ ಜೊತೆಯಲ್ಲಿ ಪಿಯಾನೊ ನುಡಿಸುವುದೂ ನನ್ನ ಕೆಲಸವೇ. ಕಳೆದ ವರ್ಷ ಉಡುಪಿಯಿಂದ ಒಬ್ಬರು ಫೋನ್ ಮಾಡಿ, ಎಂಟು ವರ್ಷ ಕರ್ನಾಟಕ ಸಂಗೀತ ಕಲಿತ ಮಗಳ ಬಗ್ಗೆ ಇದೇ ಪ್ರಶ್ನೆ ಕೇಳಿದರು. ಅಂಗಳದಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಪೆರಾ ಅಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ, ಸೊಪ್ರಾನೊ ಅಂದರೆ ಹೆಂಗಸರ ಅತಿ ಮೇಲಿನ ಸ್ವರ. ಈ ಸ್ವರ ಹದಿನೆಂಟಕ್ಕೆ ಮಾಗುವುದಿಲ್ಲ. ಇಪ್ಪತ್ತೈದು ದಾಟಬೇಕು, ಕೆಲವರಿಗೆ ಮೂವತ್ತೂ ಆಗುತ್ತದೆ. ಅಲ್ಲಿಯವರೆಗೆ ಗಂಟಲನ್ನು ಕಾಪಾಡಿಕೊಳ್ಳಬೇಕು, ಅಷ್ಟೇ. ಆದರೆ ಉಳಿದದ್ದೆಲ್ಲ, ನೊಟೇಶನ್ ಓದುವುದು, ಭಾಷೆ, ಉಸಿರು, ನಟನೆ, ಅರ್ಜಿ ಹಾಕುವ ಕೆಲಸ, ಇವನ್ನು ಈಗಲೇ ಶುರು ಮಾಡಬಹುದು. ಹೆಚ್ಚಿನದನ್ನು ನಮ್ಮ ಊರಲ್ಲೇ ಮಾಡಬಹುದು. ನಾನು ನೋಡಿದ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಗಂಟಲಿಗೆ ಅವಸರ, ಉಳಿದದ್ದಕ್ಕೆ "ಆಮೇಲೆ ನೋಡುವ".

ಸ್ವರ ಎಲ್ಲಿದೆ ಎಂದು ಮೊದಲು ತಿಳಿಯಿರಿ

ಒಪೆರಾದಲ್ಲಿ ಮೈಕ್ ಇಲ್ಲ. ಐವತ್ತು, ಅರವತ್ತು ವಾದ್ಯಗಳನ್ನು ದಾಟಿ ಕೊನೆಯ ಸಾಲಿನಲ್ಲಿ ಕೂತವರಿಗೆ ಕೇಳಬೇಕು. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಮೈಕ್ ಬರುವ ಮೊದಲು ಯಕ್ಷಗಾನದ ಭಾಗವತರು ಚೆಂಡೆಯ ಜೊತೆ ಇಡೀ ರಾತ್ರಿ ಹಾಡುತ್ತಿದ್ದರು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿ ಕೇಳಿದವರಿಗೆ, ಮನುಷ್ಯನ ಗಂಟಲು ಎಷ್ಟು ದೂರ ಹೋಗಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಾರಿ ಬೇರೆ. ಭಾಗವತಿಕೆಯಲ್ಲಿ ಎದೆಯ ಸ್ವರವನ್ನೇ ಗಟ್ಟಿಯಾಗಿ ಮೇಲಕ್ಕೆ ಒಯ್ಯುತ್ತಾರೆ. ಸೊಪ್ರಾನೊ ಮೇಲಿನ ಸ್ವರಗಳನ್ನು ತಲೆಯ ಸ್ವರದಲ್ಲಿ, ಗಂಟಲು ಸಡಿಲ ಬಿಟ್ಟು ಹಾಡುತ್ತಾಳೆ. ಭಾಗವತರ ಹಾಗೆ ಹಾಡುತ್ತಾ ಸೊಪ್ರಾನೊ ಆಗಲು ಆಗುವುದಿಲ್ಲ, ಸೊಪ್ರಾನೊ ಹಾಗೆ ಹಾಡುತ್ತಾ ಭಾಗವತರಾಗಲೂ ಆಗುವುದಿಲ್ಲ.

ಲೆಕ್ಕ ಸರಳ ಇದೆ. ಕೀಬೋರ್ಡಿನ ನಡುವಿನ 'ಸಿ'ಯಿಂದ ಎರಡು ಸ್ಥಾಯಿ ಮೇಲಿನ 'ಸಿ'ವರೆಗೆ ಸೊಪ್ರಾನೊದ ಸಾಮಾನ್ಯ ಹರವು. ನಡುವಿನ ಸಿ ಹಾಡುವಾಗ ಸ್ವರತಂತುಗಳು ಸೆಕೆಂಡಿಗೆ ಸುಮಾರು 262 ಸಲ ಕಂಪಿಸುತ್ತವೆ. ಮೇಲಿನ ಸಿ ಬಂದಾಗ ಸುಮಾರು 1046 ಸಲ. ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಉದ್ದದ ಎರಡು ಎಳೆಗಳು ಮಾಡುವ ಕೆಲಸ ಇದು. ಈ ಸಂಖ್ಯೆ ಒಮ್ಮೆ ತಲೆಯಲ್ಲಿ ಕೂತರೆ ಯಾವ ತಾಯಿಯೂ ಮಗಳಿಗೆ "ಇನ್ನೂ ಜೋರಾಗಿ ಹಾಡು" ಎನ್ನುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ಗೊಂದಲ ಆಗುತ್ತದೆ. ಐದು ಮನೆ ಶ್ರುತಿಯಲ್ಲಿ, ಅಂದರೆ 'ಜಿ'ಯನ್ನು 'ಸ' ಮಾಡಿಕೊಂಡು ಹಾಡುವ ಹುಡುಗಿಯ ತಾರಸ್ಥಾಯಿ ಪಂಚಮ ಎಲ್ಲಿ ಬರುತ್ತದೋ, ಅಲ್ಲಿಂದ ಮೇಲೆ ಸೊಪ್ರಾನೊಗೆ ಇನ್ನೂ ಆರು ಸ್ವರ ಇವೆ. ಅಂದರೆ ಅವಳು ಇಷ್ಟು ವರ್ಷ ಬಳಸಿದ್ದು ಬೇರೆ ಮಹಡಿಯನ್ನು. ಹೊಸ ಮಹಡಿಯಲ್ಲಿ ಮೊದಲ ಆರು ತಿಂಗಳು ಸ್ವರ ತೆಳ್ಳಗೆ, ಗಾಳಿ ಗಾಳಿಯಾಗಿ ಬರುತ್ತದೆ. ಎಂಟು ವರ್ಷ ಕಲಿತದ್ದೆಲ್ಲ ಹೋಯಿತು ಎಂದು ಆ ಉಡುಪಿಯ ಹುಡುಗಿ ಅತ್ತಳು. ಏನೂ ಹೋಗಿರಲಿಲ್ಲ. ಶ್ರುತಿಶುದ್ಧಿ, ತಾಳ, ಸ್ವರಜ್ಞಾನ ಅವಳಿಗೆ ಕ್ವಾಯರ್ ಹುಡುಗಿಯರಿಗಿಂತ ಜಾಸ್ತಿ ಇತ್ತು. ಗಮಕ ಬಿಟ್ಟು ಸ್ವರವನ್ನು ನೇರ ನಿಲ್ಲಿಸುವುದನ್ನು ಮಾತ್ರ ಅವಳು ಹೊಸದಾಗಿ ಕಲಿಯಬೇಕಾಯಿತು.

ಮೇಲಿನ 'ಇ', 'ಎಫ್ ಶಾರ್ಪ್' ಸುತ್ತ ಮುತ್ತ ಸೊಪ್ರಾನೊ ಸ್ವರ ಒಂದು ತಿರುವು ತೆಗೆದುಕೊಳ್ಳುತ್ತದೆ. ಇಟಾಲಿಯನ್ನರು ಇದಕ್ಕೆ ಪಸ್ಸಾಜ್ಜೊ ಎನ್ನುತ್ತಾರೆ. ಶಿರಾಡಿ ಘಾಟಿಯ ತಿರುವಿನಲ್ಲಿ ಡ್ರೈವರ್ ಗೇರು ಬದಲಿಸುವ ಹಾಗೆ. ಅಲ್ಲಿ ಗೇರು ಬದಲಿಸದೆ ಆಕ್ಸಿಲರೇಟರ್ ಒತ್ತಿದರೆ ಗಾಡಿಗೆ ಏನಾಗುತ್ತದೋ, ಗಂಟಲಿಗೂ ಅದೇ ಆಗುತ್ತದೆ. ಈ ತಿರುವು ಸಲೀಸಾಗಲು ವರ್ಷಗಳು ಬೇಕು.

ಹದಿನೇಳರ ಒಬ್ಬ ಹುಡುಗಿಗೆ ನಾನೇ ಜೊತೆ ನುಡಿಸಿದ್ದೆ. ಒಂದು ಕಾರ್ಯಕ್ರಮ, ತುಂಬಿದ ಸಭಾಂಗಣ. ಯಾರೋ ಒತ್ತಾಯ ಮಾಡಿ ದೊಡ್ಡ ಸ್ವರದವರು ಹಾಡುವ ಭಾರವಾದ ಆರಿಯಾ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಕೊಟ್ಟಿದ್ದರು. ಕೊನೆಯ ಮೇಲಿನ ಸ್ವರ ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರುದಿನ ಬೆಳಿಗ್ಗೆ ಅವಳಿಗೆ ಮಾತೇ ಹೊರಡಲಿಲ್ಲ. ಗುಣವಾಗಲು ಮೂರು ತಿಂಗಳು ಹಿಡಿಯಿತು. ಆ ಹಾಳೆಗಳನ್ನು ನಾನು ಅವತ್ತೇ ಮುಚ್ಚಿಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಇಟಲಿಯ ಮಿರೆಲ್ಲಾ ಫ್ರೆನಿ ಚಿಕ್ಕ ಹುಡುಗಿಯಾಗಿದ್ದಾಗ ರೇಡಿಯೊ ಸ್ಪರ್ಧೆಯಲ್ಲಿ ಪುಚ್ಚೀನಿಯ ದೊಡ್ಡ ಆರಿಯಾ ಹಾಡಿದ್ದರು. ಪ್ರಸಿದ್ಧ ಗಾಯಕ ಬೆನಿಯಾಮಿನೊ ಜೀಲಿ ಅವರು, ದೊಡ್ಡವಳಾಗುವವರೆಗೆ ಹಾಡುವುದನ್ನು ನಿಲ್ಲಿಸು, ಇಲ್ಲದಿದ್ದರೆ ಸ್ವರ ಹಾಳಾದೀತು ಎಂದು ಬುದ್ಧಿ ಹೇಳಿದರು. ಆಕೆ ಕೇಳಿದರು. 1955ರಲ್ಲಿ ತಮ್ಮೂರು ಮೊದೆನಾದಲ್ಲಿ ರಂಗಕ್ಕೆ ಬಂದರು. ಎಪ್ಪತ್ತು ದಾಟುವವರೆಗೆ ಹಾಡಿದರು. ಆಸ್ಟ್ರೇಲಿಯಾದ ಜೋನ್ ಸದರ್ಲ್ಯಾಂಡ್ 1952ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ಒಪೆರಾ ಮನೆ ಸೇರಿದಾಗ ಅವರಿಗೆ ಇಪ್ಪತ್ತೈದು ವರ್ಷ. ಅದೇ ವರ್ಷ ಮರಿಯಾ ಕಲ್ಲಾಸ್ ನಾಯಕಿಯಾಗಿ ಹಾಡಿದ ಒಪೆರಾದಲ್ಲಿ ಸದರ್ಲ್ಯಾಂಡ್‌ಗೆ ಸಿಕ್ಕಿದ್ದು ಸಖಿಯ ಸಣ್ಣ ಪಾತ್ರ. ಜಗತ್ತು ಅವರನ್ನು ಗುರುತಿಸಿದ್ದು 1959ರಲ್ಲಿ, ದೊನಿಜೆಟ್ಟಿ ಬರೆದ ಒಪೆರಾದ ಲೂಚಿಯಾ ಪಾತ್ರದಿಂದ. ನಡುವಿನ ಏಳು ವರ್ಷ ಅವರು ಸಣ್ಣದು, ದೊಡ್ಡದು ಅನ್ನದೆ ಸಿಕ್ಕಿದ ಪಾತ್ರ ಹಾಡಿದರು.

ಹಾಗಾದರೆ ಹದಿನಾರಕ್ಕೆ ಏನು ಹಾಡಬೇಕು? ಹದಿನೇಳು, ಹದಿನೆಂಟನೆಯ ಶತಮಾನದ ಸಣ್ಣ ಇಟಾಲಿಯನ್ ಹಾಡುಗಳು. ಇಗರ್ಜಿಯ ಲ್ಯಾಟಿನ್ ಗೀತೆಗಳು. ಶೂಬರ್ಟ್‌ನ ಸರಳ ಹಾಡುಗಳು. ಇಪ್ಪತ್ತರ ಹತ್ತಿರ ಬಂದಾಗ ಮೊತ್ಸಾರ್ಟ್‌ನ ಒಪೆರಾಗಳ ಬಾರ್ಬರಿನಾ, ಪಪಗೇನಾ, ಜೆರ್ಲಿನಾ ಪಾತ್ರಗಳ ಹಾಡು. ಮೊತ್ಸಾರ್ಟ್‌ನದೇ ಸುಸಾನ್ನಾ ಪಾತ್ರದ ಆರಿಯಾ ಕಲಿಯಬಹುದು, ಆದರೆ ಇಡೀ ಪಾತ್ರ ಬಹಳ ಉದ್ದ, ಅದಕ್ಕೆ ಕಾಯಿರಿ.

ಓದಲು ಕಲಿಯಿರಿ

ಕಿವಿಯಿಂದ ಕೇಳಿ ಹಾಡುವುದು ನಮ್ಮ ಕಡೆಯ ದೊಡ್ಡ ಶಕ್ತಿ, ಅದೇ ದೊಡ್ಡ ಅಡ್ಡಿಯೂ ಹೌದು. ಒಪೆರಾ ಕಂಪನಿಯಲ್ಲಿ ಸೋಮವಾರ ಹಾಳೆ ಕೈಗೆ ಕೊಟ್ಟು ಬುಧವಾರ ಹಾಡು ಎನ್ನುತ್ತಾರೆ. ಯೂಟ್ಯೂಬ್ ಕೇಳಿ ಕಲಿತವಳು ಅಲ್ಲಿ ನಿಲ್ಲುವುದಿಲ್ಲ. ಇನ್ನೊಬ್ಬರ ತಪ್ಪನ್ನೂ ಕಲಿತಿರುತ್ತಾಳೆ.

ಕ್ವಾಯರ್ ಇದಕ್ಕೆ ಒಳ್ಳೆಯ ಶಾಲೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹಾಕಿ ಹಾಡುವ ರೂಢಿ ಬೆಳೆಯಿತು. ನಾಲ್ಕು ಸ್ವರಪಂಕ್ತಿಯಲ್ಲಿ ಕನ್ನಡ ಹಾಡುವುದು ನಮ್ಮ ಊರಿನಲ್ಲಿ ಹಳೆಯ ಅಭ್ಯಾಸ. ಅಲ್ಲಿ ಆರು ತಿಂಗಳು ಸೊಪ್ರಾನೊ ಬದಲು ಆಲ್ಟೊ (ಹೆಂಗಸರ ಕೆಳಸ್ವರದ) ಸಾಲಿನಲ್ಲಿ ನಿಲ್ಲಿಸಿ ನೋಡಿ. ಮುಖ್ಯ ರಾಗ ಬೇರೆಯವರು ಹಾಡುವಾಗ ತನ್ನ ಸಾಲು ಹಿಡಿದಿಡಲು ಓದಲೇಬೇಕಾಗುತ್ತದೆ. ಓದು ಬಂದ ಮೇಲೆ ತಿರುಗಿ ಸೊಪ್ರಾನೊಗೆ ಬರಲಿ.

ಕರ್ನಾಟಕ ಸಂಗೀತದವರಿಗೆ ಇನ್ನೊಂದು ಸೇತುವೆ ಇದೆ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡುಗಳ ರಾಗ ಕೇಳಿ ಸಂಸ್ಕೃತದ ಮಾತು ಹಾಕಿದ ನೊಟ್ಟುಸ್ವರ ರಚನೆಗಳು. ಎಲ್ಲವೂ ಶಂಕರಾಭರಣದಲ್ಲಿವೆ, ಅಂದರೆ ಪಾಶ್ಚಾತ್ಯರ ಮೇಜರ್ ಸ್ಕೇಲ್. ನಿಮಗೆ ಬಾಯಿಪಾಠ ಇರುವ ಒಂದು ನೊಟ್ಟುಸ್ವರವನ್ನು ಪಾಶ್ಚಾತ್ಯ ನೊಟೇಶನ್ನಿನ ಐದು ಗೆರೆಗಳ ಮೇಲೆ ಬರೆದು ಹಾಡಿ. ಸ್ವರ ಮೊದಲೇ ಗೊತ್ತಿರುವುದರಿಂದ ಕಣ್ಣಿಗೆ ಮಾತ್ರ ಕೆಲಸ. ಒಂದು ವಿಷಯ ನೆನಪಿಡಿ: ನಮ್ಮ 'ಸ' ಎಲ್ಲಿ ಬೇಕಾದರೂ ಕೂರುತ್ತದೆ, ಗೆರೆಯ ಮೇಲಿನ 'ಸಿ' ಜಾಗ ಬಿಟ್ಟು ಹೋಗುವುದಿಲ್ಲ.

ಗ್ರೇಡ್ ಪರೀಕ್ಷೆ ಬೇಕಾ? ಬೇಕು. ಲಂಡನ್ನಿನ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಆಗಲಿ, ಎಬಿಆರ್‌ಎಸ್‌ಎಂ ಆಗಲಿ, ಎಂಟು ಗ್ರೇಡ್ ಇವೆ. ಎಬಿಆರ್‌ಎಸ್‌ಎಂನಲ್ಲಿ ಆರನೆಯ ಗ್ರೇಡಿಗೆ ಹೋಗುವ ಮೊದಲು ಐದನೆಯ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಇದು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಂಡವರು ಇದ್ದಾರೆ. ಸಂಗೀತ ಕಾಲೇಜಿಗೆ ಸೀಟು ಕೊಡಿಸುವುದು ಸರ್ಟಿಫಿಕೇಟ್ ಅಲ್ಲ, ಆಡಿಷನ್. ಆದರೂ ಪರೀಕ್ಷೆಯ ಹೆದರಿಕೆಯಿಂದ ಮಕ್ಕಳು ಓದುತ್ತಾರೆ, ಅಷ್ಟಕ್ಕೇ ಅದು ಒಳ್ಳೆಯದು.

ಭಾಷೆ: ನಮ್ಮ ಹುಡುಗಿಯರ ಕೈಯಲ್ಲಿರುವ ಗಂಟು

ಒಪೆರಾ ಹಾಡುಗಳು ಹೆಚ್ಚಾಗಿ ಇಟಾಲಿಯನ್, ಜರ್ಮನ್, ಫ್ರೆಂಚ್ ಭಾಷೆಯಲ್ಲಿರುತ್ತವೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾರೂ ಇದನ್ನು ನಮ್ಮ ಮಕ್ಕಳಿಗೆ ಹೇಳುವುದಿಲ್ಲ.

ಕನ್ನಡದ ಬಾಯಿಗೆ ಇಟಾಲಿಯನ್ ಬೇಗ ಕೂರುತ್ತದೆ. ನಮ್ಮ ಮಾತುಗಳ ಹಾಗೆ ಅವರ ಮಾತುಗಳೂ ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಅವರ 'ತ' ನಮ್ಮ ತಟ್ಟೆಯ ಮೊದಲ 'ತ', ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವುದು. 'ಪ', 'ಕ' ಹೇಳುವಾಗ ಗಾಳಿ ಊದುವುದಿಲ್ಲ. ಇಂಗ್ಲಿಷ್ ಮಾತಾಡಿ ಬೆಳೆದವರು ಈ ಮೂರನ್ನು ಕಲಿಯಲು ವರ್ಷಗಟ್ಟಲೆ ಒದ್ದಾಡುತ್ತಾರೆ. ಒತ್ತಕ್ಷರವಂತೂ ನಮ್ಮದೇ. ಇಟಾಲಿಯನ್‌ನಲ್ಲಿ 'ಕಾರೊ' ಅಂದರೆ ಪ್ರಿಯ, 'ಕಾರ್ರೊ' ಅಂದರೆ ಗಾಡಿ. ನಮ್ಮ ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸವೇ.

ಇನ್ನೂ ಇದೆ. ಇಟಾಲಿಯನ್‌ನಲ್ಲಿ 'ಎ' ಎರಡು ಬಗೆ, 'ಒ' ಎರಡು ಬಗೆ, ಬಾಯಿ ತೆರೆದದ್ದು ಮತ್ತು ಮುಚ್ಚಿದ್ದು. ಕೊಂಕಣಿ ಮಾತಾಡುವ ಹುಡುಗಿಯ ಕಿವಿಗೆ ಈ ಭೇದ ಹುಟ್ಟಿನಿಂದ ಗೊತ್ತು. ತುಳುವಿನವರಿಗೂ 'ಎ'ಯ ಭೇದ ಗೊತ್ತು. 'ನಾನು ಬಂದೆ', 'ಅವನು ಬಂದ' ಎರಡಕ್ಕೂ ಕನ್ನಡ ಲಿಪಿಯಲ್ಲಿ 'ಬತ್ತೆ' ಎಂದೇ ಬರೆಯುತ್ತೇವೆ, ಬಾಯಲ್ಲಿ ಮಾತ್ರ ಎರಡೂ ಬೇರೆ ಅಲ್ವಾ? ಆ 'ಎ'ಗಳನ್ನೇ ತೆಗೆದುಕೊಂಡು ಹೋಗಿ ಇಟಾಲಿಯನ್ ಹಾಡಿನಲ್ಲಿ ಇಡಿ. ಫ್ರೆಂಚ್ ಬಂದಾಗ ಕೊಂಕಣಿಯವರು 'ಹಾಂವ್' ಅನ್ನುವಾಗ ಬರುವ ಮೂಗಿನ ಸ್ವರ ನೆನಪು ಮಾಡಿಕೊಳ್ಳಲಿ. ಜರ್ಮನ್‌ನ 'ü' ಸ್ವರ ಮಾತ್ರ ನಮ್ಮ ಯಾವ ಭಾಷೆಯಿಂದಲೂ ಸುಲಭಕ್ಕೆ ಸಿಗುವುದಿಲ್ಲ. ತುಟಿ 'ಉ' ಹೇಳಲಿ, ಒಳಗೆ ನಾಲಿಗೆ 'ಇ' ಹೇಳಲಿ. ಕನ್ನಡಿ ಮುಂದೆ ಒಂದು ವಾರ.

ನಮ್ಮ ತಪ್ಪೂ ಒಂದಿದೆ. ಮಾತಿನ ಮೊದಲು 'ಎ' ಬಂದರೆ 'ಯೆ' ಮಾಡುತ್ತೇವೆ, 'ಒ' ಬಂದರೆ 'ವೊ'. 'ಯೆಲ್ಲಿ', 'ವೊಂದು' ಅನ್ನುತ್ತೇವಲ್ಲ, ಹಾಗೆ. ಇಟಾಲಿಯನ್ ಹಾಡಿನಲ್ಲಿ ಇದು ಬಂದರೆ ತೀರ್ಪುಗಾರರ ಕಿವಿಗೆ ಕೂಡಲೇ ಚುಚ್ಚುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಕೆಲಸ ಮಾಡುವ ಕ್ರಮ ಹೀಗೆ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಹಾಡಿನ ಒಂದು ಸಾಲು ಬರೆಯಿರಿ. ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ. ಅದರ ಕೆಳಗೆ ಪ್ರತಿ ಪದಕ್ಕೆ ಅರ್ಥ, ಪದಕ್ಕೆ ಪದ. ನಾಲ್ಕನೆಯ ಸಾಲಿನಲ್ಲಿ ನೀವು ಅದೇ ಮಾತನ್ನು ಅಮ್ಮನಿಗೋ ಗೆಳತಿಗೋ ಹೇಳಿದರೆ ಹೇಗೆ ಹೇಳುತ್ತೀರಿ ಎಂದು ನಿಮ್ಮ ಕನ್ನಡದಲ್ಲಿ. ಮೂರು ದಿನ ಸುಮ್ನೆ ಮಾತಾಡಿ, ಹಾಡಬೇಡಿ. ಆಮೇಲೆ ತಾಳಕ್ಕೆ ಮಾತಾಡಿ. ಕೊನೆಗೆ ಸ್ವರ ಸೇರಿಸಿ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ನಾಲ್ಕನೆಯ ಸಾಲು ಬರೆಯುವವರ ಮುಖ ಹಾಡುವಾಗ ಬದಲಾಗುವುದನ್ನು ನಾನು ಕೀಬೋರ್ಡಿನ ಹಿಂದಿನಿಂದ ನೋಡುತ್ತೇನೆ. ಬರೆಯದವರ ಮುಖ ಬದಲಾಗುವುದಿಲ್ಲ.

ಜರ್ಮನ್ ಭಾಷೆಯನ್ನು ಪಿಯುಸಿಯಲ್ಲೇ ಶುರು ಮಾಡಿ. ಯಾಕೆ ಎಂದು ಮುಂದೆ ಹೇಳುತ್ತೇನೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ.

ಬೊಂಡದ ಸ್ಟ್ರಾ ಮತ್ತು ದಿನದ ಅಭ್ಯಾಸ

ದಿನಕ್ಕೆ ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ. ಹದಿನಾರರ ಗಂಟಲಿಗೆ ಇದಕ್ಕಿಂತ ಜಾಸ್ತಿ ಬೇಡ.

ಶುರು ಮಾಡುವುದು ಸ್ಟ್ರಾದಿಂದ. ಬೊಂಡದ (ಎಳನೀರಿನ) ಅಂಗಡಿಯಲ್ಲಿ ಕೊಡುವಂಥ ಸ್ಟ್ರಾ ಸಾಕು. ಲೋಟದಲ್ಲಿ ಅರ್ಧ ನೀರು. ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳಿನಷ್ಟು ಇರಲಿ. ತುಟಿಯಿಂದ ಬಿಗಿಯಾಗಿ ಹಿಡಿದು 'ಊ' ಎಂದು ಗುನುಗಿ. ನೀರಿನಲ್ಲಿ ಗುಳುಗುಳು ಗುಳ್ಳೆ ಏಳುತ್ತದೆ. ಗುಳ್ಳೆ ಒಂದೇ ಸಮ ಬರಬೇಕು. ನಿಂತು ನಿಂತು ಬಂದರೆ ಉಸಿರು ಸಮ ಇಲ್ಲ ಎಂದು ಅರ್ಥ. ಈಗ ಸ್ವರವನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ, ಆಂಬುಲೆನ್ಸ್ ಸೈರನ್ ಹಾಗೆ. ಮೂರು ನಿಮಿಷ. ಸ್ಟ್ರಾದ ಇಕ್ಕಟ್ಟಿನಿಂದ ಗಾಳಿ ಸ್ವಲ್ಪ ಹಿಂದಕ್ಕೆ ಒತ್ತುತ್ತದೆ. ಅದರಿಂದ ಸ್ವರತಂತುಗಳು ಒಂದಕ್ಕೊಂದು ಬಡಿಯದೆ ಮೆಲ್ಲಗೆ ತಾಗುತ್ತವೆ. ನೆಗಡಿಯಿಂದ ಎದ್ದ ಮೇಲೂ ಮೊದಲು ಮಾಡಬೇಕಾದದ್ದು ಇದನ್ನೇ.

ಆಮೇಲೆ ಐದು ಸ್ವರದ ಮೇಲೆ ಕೆಳಗೆ, ನಡುವಿನ ಸ್ಥಾಯಿಯಲ್ಲಿ. ಪಕ್ಕೆಯ ಮೇಲೆ ಎರಡೂ ಕೈ ಇಟ್ಟುಕೊಳ್ಳಿ. ಉಸಿರು ತೆಗೆದಾಗ ಪಕ್ಕೆ ಅಗಲ ಆಗುತ್ತದೆ. ಹಾಡುವಾಗ ಅದು ಕೂಡಲೇ ಕುಸಿಯಬಾರದು, ನಿಧಾನ ಇಳಿಯಬೇಕು. ಭುಜ ಏಳಬಾರದು. ಇಷ್ಟೇ. ಮೇಲಿನ ಸ್ವರ ದಿನಕ್ಕೆ ನಾಲ್ಕೈದು ಸಲ ಮುಟ್ಟಿ ಬಂದರೆ ಸಾಕು, ಅಲ್ಲೇ ಮನೆ ಕಟ್ಟಬೇಡಿ.

ಜೂನ್, ಜುಲೈಯಲ್ಲಿ ಹೆಂಚಿನ ಮನೆಯವರು ಒಂದು ಎಚ್ಚರ ವಹಿಸಿ. ಮಳೆಯ ಸದ್ದಿನಲ್ಲಿ ತನ್ನ ಸ್ವರ ತನಗೇ ಕೇಳುವುದಿಲ್ಲ, ಗೊತ್ತಿಲ್ಲದೆ ಕಿರುಚುತ್ತೇವೆ. ಮಳೆ ಜೋರು ಇದ್ದಾಗ ಹಾಡು ನಿಲ್ಲಿಸಿ ಭಾಷೆಯ ನೋಟ್‌ಬುಕ್ ತೆಗೆಯಿರಿ. ಇಗರ್ಜಿಯ ಒಳಗೆ ಅಭ್ಯಾಸ ಮಾಡುವುದು ಇದರ ಉಲ್ಟಾ. ಅಲ್ಲಿನ ಪ್ರತಿಧ್ವನಿ ಸುಮ್ನೆ ಹೊಗಳುತ್ತದೆ. ತಿಂಗಳಿಗೊಮ್ಮೆ ಹಾಡಿ ಖುಷಿಪಡಿ, ಅಭ್ಯಾಸ ಮಾತ್ರ ಪರದೆ, ಹಾಸಿಗೆ ಇರುವ ಕೋಣೆಯಲ್ಲಿ.

ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋದಾಗ ತಲೆ ಎತ್ತಿ ನೋಡಿ. ಆ ಚಿತ್ರಗಳನ್ನು 1899ರಿಂದ ಬರೆದ ಅಂತೋನಿಯೊ ಮೊಸ್ಕೇನಿ ಬೆರ್ಗಾಮೊ ಪಕ್ಕದವರು. ಸದರ್ಲ್ಯಾಂಡ್‌ಗೆ ಹೆಸರು ತಂದ ಲೂಚಿಯಾ ಒಪೆರಾ ಬರೆದ ದೊನಿಜೆಟ್ಟಿ ಹುಟ್ಟಿದ್ದು ಅದೇ ಬೆರ್ಗಾಮೊದಲ್ಲಿ, 1797ರಲ್ಲಿ. ಇಟಲಿ ನಮಗೆ ಅಷ್ಟು ದೂರದ್ದಲ್ಲ ಎಂದು ನಾನು ಮಕ್ಕಳಿಗೆ ಅಲ್ಲಿ ಕೂರಿಸಿ ಹೇಳುತ್ತೇನೆ.

ಗುರುವನ್ನು ಹುಡುಕುವುದು

ಪಿಯಾನೊ, ಥಿಯರಿ, ಕ್ವಾಯರ್ ಮಂಗಳೂರಿನಲ್ಲೇ ಸಿಗುತ್ತದೆ. ಒಪೆರಾ ಗಾಯನವನ್ನೇ ಕಲಿತು ಕಲಿಸುವವರಿಗಾಗಿ ಹೊರಗೆ ಹೋಗಬೇಕಾಗಬಹುದು. ಬೆಂಗಳೂರಿನಲ್ಲಿ 1987ರಲ್ಲಿ ಶುರುವಾದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಕಟ್ಟಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ಇದೆ, ಕೊಂಕಣ ರೈಲಿನಲ್ಲಿ ಹಗಲಲ್ಲೇ ಮುಟ್ಟಬಹುದು. ತಿಂಗಳಿಗೆ ಒಂದು ಸಲ ರಾತ್ರಿ ರೈಲಿನಲ್ಲಿ ಹೋಗಿ ಎರಡು ಪಾಠ ತೆಗೆದುಕೊಂಡು, ಉಳಿದ ವಾರ ಇಲ್ಲಿ ಯಾರಾದರೂ ಪಿಯಾನೊ ನುಡಿಸುವವರ ಜೊತೆ ಕೆಲಸ ಮಾಡಿದರೆ ಸಾಕಾಗುತ್ತದೆ. ಆನ್‌ಲೈನ್ ಪಾಠ ಭಾಷೆಗೆ, ಥಿಯರಿಗೆ ಚೆನ್ನ. ಗಾಯನಕ್ಕೆ ಅರ್ಧಂಬರ್ಧ. ಸದ್ದು ತಡವಾಗಿ ಮುಟ್ಟುವುದರಿಂದ ಅವರು ನುಡಿಸುತ್ತಾ ನೀವು ಹಾಡಲು ಆಗುವುದಿಲ್ಲ. ಮೇಲಿನ ಸ್ವರವನ್ನು ಫೋನಿನ ಮೈಕು ಒಡೆದುಬಿಡುತ್ತದೆ.

ಗುರು ಸರಿ ಇದ್ದಾರಾ ಎಂದು ತಿಳಿಯಲು ಮೂರು ತಿಂಗಳು ಕೊಡಿ. ಪಾಠ ಮುಗಿದ ಮೇಲೆ ಮೈ ದಣಿದಿರಬಹುದು, ಗಂಟಲು ನೋಯಬಾರದು. ನೋವು ಹೇಳಿದಾಗ "ಹಾಗೇ ಆಗ್ತದೆ, ಅಭ್ಯಾಸ ಆಗ್ಬೇಕು" ಎಂದರೆ ಮರ್ಯಾದೆಯಿಂದ ನಮಸ್ಕಾರ ಹೇಳಿ ಹೊರಡಿ.

ಮುಂಬಯಿಯಲ್ಲಿ ಹುಟ್ಟಿದ ಪೆಟ್ರೀಷಿಯಾ ರೊಜಾರಿಯೊ ಅವರ ಬಗ್ಗೆ ತಿಳಿದುಕೊಳ್ಳಿ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತು, ಅಲ್ಲಿನ ದೊಡ್ಡ ವೇದಿಕೆಗಳಲ್ಲಿ ಹಾಡಿದ ಸೊಪ್ರಾನೊ ಅವರು. ಸಂಗೀತಕಾರ ಜಾನ್ ಟ್ಯಾವೆನರ್, ರೊಜಾರಿಯೊ ಅವರ ಸ್ವರಕ್ಕೆಂದೇ ರಚನೆಗಳನ್ನು ಬರೆದರು. 2009ರಲ್ಲಿ ಪಿಯಾನೊ ವಾದಕ ಮಾರ್ಕ್ ಟ್ರೂಪ್ ಜೊತೆ ಭಾರತದ ಯುವ ಗಾಯಕರಿಗೆ ಕಲಿಸಲು 'ಗಿವಿಂಗ್ ವಾಯ್ಸ್ ಟು ಇಂಡಿಯಾ' ಶುರು ಮಾಡಿದರು. 1911ರಲ್ಲಿ ತೆರೆದ ಮುಂಬಯಿಯ ರಾಯಲ್ ಒಪೆರಾ ಹೌಸ್ ಬಹಳ ವರ್ಷ ಮುಚ್ಚಿದ್ದು 2016ರಲ್ಲಿ ಮತ್ತೆ ತೆರೆದಾಗ ಅಲ್ಲಿ ಹಾಡಿದ್ದು ಇವರೇ. ಮಾಸ್ಟರ್‌ಕ್ಲಾಸ್ ಎಲ್ಲಾದರೂ ನಡೆದರೆ ಹಾಡಲು ಸೀಟು ಸಿಗದಿದ್ದರೂ ಕೂತು ಕೇಳಲು ಹೋಗಿ. ಬೇರೆಯವರ ತಪ್ಪು ತಿದ್ದುವುದನ್ನು ನೋಡಿ ಕಲಿಯುವುದು ಬಹಳ.

ಗಂಟಲು, ಊಟ, ಡಾಕ್ಟರು

ನಮ್ಮ ಕರಾವಳಿಯ ತೇವದ ಗಾಳಿ ಸ್ವರಕ್ಕೆ ಒಳ್ಳೆಯದು. ಎಸಿ ಬಸ್ಸು ಒಳ್ಳೆಯದಲ್ಲ, ಬಾಯಿ ಮೂಗು ಮುಚ್ಚುವಂತೆ ಶಾಲು ಸುತ್ತಿಕೊಂಡು ಮಲಗಿ. ಕೋರಿ ರೊಟ್ಟಿ ಬಿಡಬೇಕಾಗಿಲ್ಲ, ಆದರೆ ರಾತ್ರಿ ಹತ್ತಕ್ಕೆ ತಿಂದು ಹತ್ತೂವರೆಗೆ ಮಲಗಿದರೆ ಹೊಟ್ಟೆಯ ಹುಳಿ ಮೇಲೆ ಬಂದು ಸ್ವರತಂತುಗಳನ್ನು ಸುಡುತ್ತದೆ. ಬೆಳಿಗ್ಗೆ ಎದ್ದಾಗ ಗಂಟಲು ಕರಕರ, ಪದೇ ಪದೇ ಕ್ಯಾಕರಿಸುವುದು, ಇವು ಅದರ ಗುರುತು. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಬಿಡಿ.

ಸ್ವರ ಕೂತಾಗ ಪಿಸುಗುಡಬೇಡಿ, ಅದರಿಂದಲೂ ತಂತುಗಳಿಗೆ ಒತ್ತಡ. ಸುಮ್ಮನಿರಿ. ಎರಡು, ಮೂರು ವಾರ ಕಳೆದರೂ ಸರಿ ಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಸ್ಟ್ರೋಬೊಸ್ಕೋಪಿ ಮಾಡಿಸಿ. ಹಾಡುವಾಗ ಸ್ವರತಂತುಗಳು ಹೇಗೆ ಕದಲುತ್ತವೆ ಎಂದು ಅದರಲ್ಲಿ ಕಾಣುತ್ತದೆ. ಮಂಗಳೂರು, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ. ಗಂಟಲು ಕೂತ ದಿನವೇ ಹೇಗಾದರೂ ಹಾಡಬೇಕೆಂದು ಮಾತ್ರೆ ನುಂಗಿ ಹಾಡುವುದು ಅಪಾಯ. ಆಸ್ಪಿರಿನ್ ತರದ ನೋವಿನ ಮಾತ್ರೆ ತಿಂದು ಜೋರಾಗಿ ಹಾಡಿದರೆ ತಂತುವಿನಲ್ಲಿ ರಕ್ತ ಜಿನುಗುವ ಸಂಭವ ಹೆಚ್ಚು.

ಮದುವೆ ಸೀಸನ್ನಿನ ಬಗ್ಗೆ ಒಂದೇ ಮಾತು. ಇಗರ್ಜಿಯ ಮದುವೆ ಪೂಜೆಯಲ್ಲಿ ಎರಡು ಹಾಡು ಹಾಡಿ, ಕೈಗೆ ಸ್ವಲ್ಪ ದುಡ್ಡೂ ಬರುತ್ತದೆ, ಜನರೆದುರು ನಿಂತು ರೂಢಿಯೂ ಆಗುತ್ತದೆ. ಸಂಜೆ ಹಾಲ್‌ನಲ್ಲಿ ಡಿಜೆ ಸದ್ದಿನ ಮೇಲೆ ಮೂರು ಗಂಟೆ ಮಾತಾಡುವುದು, ಹಾಡುವುದು ಬೇಡ. ಹಾಡುಗಾರಿಕೆಗಿಂತ ಆ ಮಾತಿನಿಂದಲೇ ಜಾಸ್ತಿ ಗಂಟಲು ಹಾಳಾದದ್ದು ನಾನು ಕಂಡಿದ್ದೇನೆ.

ನಾಟಕವನ್ನೂ ಬಿಡಬೇಡಿ. ಒಪೆರಾ ಅಂದರೆ ನಾಟಕ. ಕೊಂಕಣಿ, ತುಳು, ಕನ್ನಡ, ಯಾವ ತಂಡದಲ್ಲಿ ಸಣ್ಣ ಪಾತ್ರ ಸಿಕ್ಕರೂ ಹೋಗಿ. ಶಕ್ತಿನಗರದ ಕಲಾಂಗಣದಲ್ಲಿ ಕಾರ್ಯಕ್ರಮಗಳನ್ನು ನೋಡಿ. ನಡೆಯುವುದು, ಕೂರುವುದು, ಇನ್ನೊಬ್ಬರ ಮಾತು ಕೇಳುತ್ತಾ ನಿಲ್ಲುವುದು, ಇವನ್ನು ಗಾಯನದ ಕ್ಲಾಸಿನಲ್ಲಿ ಯಾರೂ ಕಲಿಸುವುದಿಲ್ಲ.

ಹೊರದೇಶಕ್ಕೆ ಹೋಗುವುದಾದರೆ

ಸಾಮಾನ್ಯ ದಾರಿ ಹೀಗಿರುತ್ತದೆ: ಬ್ಯಾಚುಲರ್ ಪದವಿ, ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಒಪೆರಾ ಸ್ಟುಡಿಯೊ ಅಥವಾ ಯುವ ಕಲಾವಿದರ ಯೋಜನೆ. ಲಂಡನ್ನಿನ ರಾಯಲ್ ಒಪೆರಾದ್ದು, ನ್ಯೂಯಾರ್ಕ್ ಮೆಟ್ರೊಪಾಲಿಟನ್‌ದು ಹೆಸರುವಾಸಿ. ಅಲ್ಲಿ ಸಣ್ಣ ಪಾತ್ರ ಹಾಡುತ್ತಾ, ದೊಡ್ಡ ಪಾತ್ರದವರ ಬದಲಿಯಾಗಿ ತಯಾರಿದ್ದು ಕಲಿಯುತ್ತಾರೆ. ಅಷ್ಟರಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು ಆಗಿರುತ್ತದೆ.

ಹದಿನೆಂಟಕ್ಕೇ ಹೋಗಲು ಆಗದಿದ್ದರೆ ಬೇಸರ ಬೇಡ. ಇಲ್ಲೇ ಡಿಗ್ರಿ ಮಾಡಿ, ಜೊತೆಗೆ ಎಂಟನೆಯ ಗ್ರೇಡ್, ಡಿಪ್ಲೊಮಾ ಮುಗಿಸಿ, ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಹೋದರೂ ಸೊಪ್ರಾನೊಗೆ ತಡ ಅಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಹೆಚ್ಚಿನ ಮನೆಗಳಿಗೆ ಇದೇ ಒಳ್ಳೆಯ ದಾರಿ. ಕೆಲವು ಕಡೆ ವಯಸ್ಸಿನ ಮಿತಿ ಇರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಬ್ರಿಟನ್ನಿನ ಸಂಗೀತ ಕಾಲೇಜುಗಳಿಗೆ ಅರ್ಜಿ ಹಾಕುವ ಕೊನೆಯ ದಿನ ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್ ಮೊದಲ ದಿನಗಳಲ್ಲೇ ಬಂದುಬಿಡುತ್ತದೆ. ನಮ್ಮ ಮಕ್ಕಳು ಪಿಯುಸಿ ಫಲಿತಾಂಶ ಬಂದ ಮೇಲೆ ಎದ್ದರೆ ಒಂದು ವರ್ಷ ಹೋಯಿತು. ಅಲ್ಲಿ ಫೀಸು ಬಹಳ, ವಿದ್ಯಾರ್ಥಿವೇತನ ಆಡಿಷನ್ ನೋಡಿ ಕೊಡುತ್ತಾರೆ.

ಜರ್ಮನಿ ಬೇರೆ ಲೆಕ್ಕ. ಹೆಚ್ಚಿನ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಫೀಸು ಕಡಿಮೆ. ಬಾಡೆನ್ ವುರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ಇದೆ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಜರ್ಮನ್ ಭಾಷೆಯ ಪರೀಕ್ಷೆಯೂ ಬೇಕು. ಆ ದೇಶದಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುವ ಒಪೆರಾ ಮನೆಗಳು ಎಂಬತ್ತರಷ್ಟಿವೆ. ಅಷ್ಟು ಬೇರೆಲ್ಲೂ ಇಲ್ಲ. ಅಲ್ಲಿ ಗಾಯಕರಿಗೆ ತಿಂಗಳ ಸಂಬಳದ ಕೆಲಸ ಇದೆ, ಕೋರಸ್‌ನವರಿಗೂ ಇದೆ. "ಇದರಿಂದ ಹೊಟ್ಟೆ ತುಂಬುತ್ತದಾ?" ಎಂದು ಕೇಳುವ ಅಪ್ಪಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾಯಕಿಯ ಪಾತ್ರ ಕೆಲವರಿಗೆ ಮಾತ್ರ. ಕೋರಸ್, ಇಗರ್ಜಿಯ ದೊಡ್ಡ ಗಾಯನಗಳು, ಕಲಿಸುವ ಕೆಲಸ, ಇವೆಲ್ಲ ಸೇರಿ ಬದುಕು ನಡೆಸುವವರು ಹೆಚ್ಚು. ಅದನ್ನು ಸೋಲು ಎಂದು ಮನೆಯಲ್ಲಿ ಯಾರೂ ಹೇಳಬೇಡಿ.

ಆಡಿಷನ್: ಫೈಲಿನಿಂದ ಶುರು

ಮೊದಲ ಸುತ್ತು ಹೆಚ್ಚಿನ ಕಡೆ ವಿಡಿಯೊದಲ್ಲಿ. ಒಂದೇ ಸಲಕ್ಕೆ ಚಿತ್ರೀಕರಿಸಬೇಕು, ಕತ್ತರಿ ಹಾಕುವ ಹಾಗಿಲ್ಲ. ಮುಖ, ಕೈ ಎರಡೂ ಕಾಣಲಿ. ಫೋನ್ ಹತ್ತಿರ ಇಡಬೇಡಿ, ಮೂರು ನಾಲ್ಕು ಮೀಟರ್ ದೂರ ಇಡಿ. ಫ್ಯಾನ್ ಆಫ್ ಮಾಡಿ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತು ಒಳ್ಳೆಯದು, ಗಂಟಲು ಎದ್ದಿರುತ್ತದೆ, ಬೆಳಕೂ ಇರುತ್ತದೆ.

ಐದು ಆರಿಯಾ ತಯಾರಿರಲಿ. ಇಟಾಲಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್ ಎಲ್ಲವೂ ಬರಲಿ, ಮೊತ್ಸಾರ್ಟ್ ಒಂದು ಇರಲೇಬೇಕು. ಮೊದಲು ಹಾಡುವುದನ್ನು ನೀವೇ ಆರಿಸಬಹುದು. ಕಷ್ಟದ್ದನ್ನು ಆರಿಸಬೇಡಿ. ಜ್ವರ ಬಂದು ಎದ್ದ ಮರುದಿನವೂ ಹಾಡಬಲ್ಲಿರಿ ಎನ್ನುವಂಥದ್ದನ್ನು ಆರಿಸಿ.

ಇನ್ನು ಫೈಲು. ಪಿಯಾನೊ ನುಡಿಸುವವಳಾಗಿ ಇದನ್ನು ಕೈಮುಗಿದು ಕೇಳುತ್ತೇನೆ. ಬಿಡಿ ಹಾಳೆ ತರಬೇಡಿ, ಫ್ಯಾನಿನ ಗಾಳಿಗೆ ಹಾರುತ್ತದೆ. ಹೊಳೆಯುವ ಪ್ಲಾಸ್ಟಿಕ್ ಕವರೂ ಬೇಡ, ದೀಪದ ಬೆಳಕು ಬಿದ್ದು ಸ್ವರ ಕಾಣುವುದಿಲ್ಲ. ಹಾಳೆಯ ಎರಡೂ ಬದಿ ಜೆರಾಕ್ಸ್ ಮಾಡಿಸಿ, ತೂತು ಹೊಡೆದು ರಿಂಗ್ ಫೈಲಿಗೆ ಹಾಕಿ. ಕೆಳಗಿನ ಸಾಲು, ಎಡಗೈಯ ಸ್ವರಗಳು, ಜೆರಾಕ್ಸ್‌ನಲ್ಲಿ ತುಂಡಾಗಿಲ್ಲ ಎಂದು ಒಂದೊಂದು ಪುಟವನ್ನೂ ನೋಡಿ. ಉಸಿರು ತೆಗೆಯುವ ಜಾಗ ಪೆನ್ಸಿಲಿನಲ್ಲಿ ಗುರುತಿಸಿ. ಬಿಟ್ಟು ಹಾಡುವ ಭಾಗ ಇದ್ದರೆ ದಪ್ಪ ಗೆರೆ ಎಳೆಯಿರಿ. ಪ್ರತಿ ಹಾಡಿಗೂ ಬಣ್ಣದ ಚೀಟಿ ಅಂಟಿಸಿ. ಹಳೆಯ ಒಪೆರಾಗಳ ಹಾಳೆಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಆ ದಿನ ಕೋಣೆಯೊಳಗೆ ಹೋದ ಕೂಡಲೇ ಪಿಯಾನೊ ಹತ್ತಿರ ಹೋಗಿ. ನೀವು ಹಿಂದೆಂದೂ ನೋಡದ ಒಬ್ಬರು ಅಲ್ಲಿ ಕೂತಿರುತ್ತಾರೆ. ಬೆರಳು ಚಿಟಿಕೆ ಹೊಡೆದು ವೇಗ ತೋರಿಸಬೇಡಿ. ಮೊದಲ ಸಾಲನ್ನು ಅವರ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಡಿ ತೋರಿಸಿ. ಆ ಒಂದು ಸಾಲಿನಲ್ಲಿ ವೇಗ, ಉಸಿರು ಎಲ್ಲ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಪಿಯಾನೊದ ತಿರುವಿನಲ್ಲಿ ಬಂದು ನಿಲ್ಲಿ. ಹೆಸರು, ಹಾಡಿನ ಹೆಸರು ಹೇಳಿ. ಉಸಿರು ಪೂರ್ತಿ ಹೊರಗೆ ಬಿಡಿ, ತಾನಾಗಿ ಒಳಗೆ ಬರಲಿ. ಪಿಯಾನೊ ಕಡೆ ನೋಡಿ ಸ್ವಲ್ಪ ತಲೆ ಆಡಿಸಿ. ನಡುವೆ ನಿಲ್ಲಿಸಿದರೆ ಗಾಬರಿ ಬೇಡ, ಅವರಿಗೆ ಬೇಕಾದದ್ದು ಕೇಳಿ ಆಯಿತು, ಅಷ್ಟೇ. ಹಾಡು ಮುಗಿದ ಮೇಲೆ ಪಿಯಾನೊದ ಕೊನೆಯ ಸ್ವರ ಪೂರ್ತಿ ನಿಲ್ಲುವವರೆಗೆ ಅಲ್ಲಾಡದೆ ನಿಲ್ಲಿ. ಹೊರಡುವಾಗ ನುಡಿಸಿದವರಿಗೆ ಥ್ಯಾಂಕ್ಸ್ ಹೇಳಿ, ಫೈಲು ಮರೆಯದೆ ತೆಗೆದುಕೊಂಡು ಬನ್ನಿ.